ಒಗ್ಗರಣೆಗೆ ಹೆದರಿ ಅಲಾರಂ ಬಾಯಿ ಕಟ್ಟಿದವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ಮತ್ತು ಈ ದೇಶದಲ್ಲಿ ಒಲೆ ಹೊತ್ತಿಸುವ ಎಲ್ಲ ಕನ್ನಡ ಮನೆಯವರಿಗೆ,

ನಮಸ್ಕಾರ.

ಓದುತ್ತಿರುವಲ್ಲಿಂದಲೇ ಒಮ್ಮೆ ತಲೆ ಎತ್ತಿ ನೋಡಿ. ಅಡುಗೆಮನೆ ದಾಟಿದ ಕೂಡಲೇ ಸೂರಿನಲ್ಲಿ ಮಗುಚಿದ ಬಟ್ಟಲಿನಂಥ ಬಿಳಿ ಡಬ್ಬಿ ಇರುತ್ತದೆ, ಹೊಗೆ ಬಂದರೆ ಕೂಗುವ ಸ್ಮೋಕ್ ಅಲಾರಂ. ಅದರ ಮೇಲೆ ಹೋಟೆಲಿನಿಂದ ತಂದ ಶವರ್ ಕ್ಯಾಪ್ ಇದೆಯಾ? ಇಲ್ಲಾ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್? ಅಥವಾ ಡಬ್ಬಿಯನ್ನೇ ಬಿಚ್ಚಿ, ಬ್ಯಾಟರಿ ತೆಗೆದು, ಸಾಸಿವೆ ಪ್ಯಾಕೆಟ್ ಇರುವ ಡ್ರಾಯರಿನಲ್ಲಿ ಇಟ್ಟಿದ್ದೀರಾ? ಇದ್ದರೆ ನಾಚಿಕೊಳ್ಳಬೇಡಿ. ನಾನೂ ಅದನ್ನೇ ಮಾಡಿದವಳು. ಅದಕ್ಕೇ ಈ ಪತ್ರ.

ಆರು ವರ್ಷದ ಹಿಂದಿನ ಮಾತು. ಆಗ ನಾವು ನ್ಯೂಜೆರ್ಸಿಯ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ಯುಗಾದಿ ದಿನ ಮಾವಿನಕಾಯಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಎರಡು ಒಣಮೆಣಸಿನಕಾಯಿ ಸೀದವು. ಅಲಾರಂ ಶುರುಮಾಡಿತು ನೋಡಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. ನಮ್ಮ ಮನೆಯವರು ಟವೆಲ್ ಬೀಸಿದರು, ನಾನು ಕಿಟಕಿ ತೆಗೆದೆ, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಮೂರನೇ ಸಲ ಹೀಗಾಗಿತ್ತು. ಅವತ್ತು ಸಂಜೆ ಕುರ್ಚಿ ಹತ್ತಿ ಶವರ್ ಕ್ಯಾಪ್ ತೊಡಿಸಿದೆ. ಅಡುಗೆ ಮುಗಿದ ಮೇಲೆ ತೆಗೆಯೋಣ ಅಂತಲೇ ತೊಡಿಸಿದ್ದು. ಆದರೆ ನಮ್ಮ ಮನೇಲಿ ಅಡುಗೆ ಮುಗಿಯುವುದು ಯಾವಾಗ? ರಾತ್ರಿ ಸಾರಿಗೆ ಒಗ್ಗರಣೆ, ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ. ಟೋಪಿ ಅಲ್ಲೇ ಉಳಿಯಿತು. ಯುಗಾದಿ ಹೋಗಿ ದೀಪಾವಳಿ ಬಂತು.

ಆ ದೀಪಾವಳಿಗೆ ಅಮ್ಮ ಇಲ್ಲಿದ್ದರು. ತಿಪಟೂರಿನಿಂದ ಬರುವಾಗ ಸೂಟ್‌ಕೇಸಿನ ಅರ್ಧ ಬರೀ ಕೊಬ್ಬರಿ, ಜೊತೆಗೆ ಕರ್ಜಿಕಾಯಿ ಅಚ್ಚು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹಿಟ್ಟು ಕಲಸಿ, ಕೊಬ್ಬರಿ ಸಕ್ಕರೆ ತುಂಬಿ, ಎಣ್ಣೆ ಇಟ್ಟರು. ಒಲೆ ಕರೆಂಟಿನದು, ಸುರುಳಿ ಸುರುಳಿ ಕಾಯಿಲ್ ಇರುವ ಹಳೇದು. ಎರಡು ಒಬ್ಬೆ ಕರಿದರು. ಅಷ್ಟರಲ್ಲಿ ಊರಿನಿಂದ ಚಿಕ್ಕಮ್ಮನ ವಿಡಿಯೋ ಕಾಲ್. ಅಮ್ಮ ಒಲೆ ಆರಿಸಿಯೇ ಹೋದರು. ಅಂದರೆ, ಆರಿಸಿದ್ದೇನೆ ಅಂದುಕೊಂಡು ಹೋದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಊರಿನ ಗ್ಯಾಸ್ ಒಲೆಯ ಗುಬುಟು (ನಾಬ್) ಕೊನೆಗೆ ಬಂದರೆ ನಿಂತುಬಿಡುತ್ತದೆ. ಉರಿ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ಇಲ್ಲಿನ ಬಹಳಷ್ಟು ಕರೆಂಟ್ ಒಲೆಗಳ ಗುಬುಟು ಸುತ್ತಲೂ ತಿರುಗುತ್ತದೆ. ಆಫ್‌ನ ಒಂದು ಪಕ್ಕದಲ್ಲಿ ಲೋ, ಇನ್ನೊಂದು ಪಕ್ಕದಲ್ಲಿ ಹೈ. ಆಫ್ ದಾಟಿ ಒಂದು ಚೂರು ಜಾಸ್ತಿ ತಿರುಗಿಸಿದರೆ ಒಲೆ ಆರುವುದಿಲ್ಲ, ಪೂರ್ತಿ ಉರಿಗೆ ಹೋಗುತ್ತದೆ. ಉರಿಯೇ ಇಲ್ಲದ ಒಲೆ, ಕಾಣುವುದು ಹೇಗೆ? ಮೇಲೆ ಬಾಣಲೆ ಬೇರೆ ಕೂತಿದೆ. ಅರವತ್ತು ವರ್ಷ ಉರಿ ನೋಡಿಯೇ ಅಡುಗೆ ಮಾಡಿದ ಕಣ್ಣಿಗೆ ಈ ಒಲೆ ಏನೂ ಹೇಳುವುದಿಲ್ಲ.

ನಾನು ಒಳಗಿನ ರೂಮಿನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಆಫೀಸ್ ಮೀಟಿಂಗಿನಲ್ಲಿದ್ದೆ. ಏಳು ವರ್ಷದ ಮಗ ಬಂದು ತೋಳು ಎಳೆದ. "ಅಮ್ಮಾ, ಅಜ್ಜಿ ಒಲೆ ಮೇಲೆ ದೊಡ್ಡ ದೀಪ ಹಚ್ಚಿದ್ದಾರೆ" ಅಂದ.

ಓಡಿ ಬಂದರೆ ಬಾಣಲೆ ತುಂಬ ಬೆಂಕಿ. ಮೇಲಿನ ಮೈಕ್ರೋವೇವಿನ ತಳ ನೆಕ್ಕುತ್ತಿದೆ. ಅಮ್ಮ ಸಿಂಕಿನ ಹತ್ತಿರ ಚೊಂಬಿಗೆ ನೀರು ಹಿಡಿಯುತ್ತಿದ್ದಾರೆ. "ನೀರು ಬೇಡಮ್ಮಾ!" ಅಂತ ಕಿರುಚಿದ್ದು ನೆನಪಿದೆ. ಕೈಗೆ ಸಿಕ್ಕಿದ ಓವನ್ ತಟ್ಟೆಯನ್ನು ಪಕ್ಕದಿಂದ ಬಾಣಲೆ ಮೇಲೆ ಜಾರಿಸಿದೆ, ಗುಬುಟು ತಿರುಗಿಸಿದೆ. ಬೆಂಕಿ ಒಳಗೇ ಬುಸ್ ಅಂದು ಆರಿತು. ನಮ್ಮ ಪುಣ್ಯ. ಅಲಮಾರಿಯ ಬಾಗಿಲು ಕಪ್ಪಾಯಿತು, ಮೈಕ್ರೋವೇವಿನ ತಳದ ಪ್ಲಾಸ್ಟಿಕ್ ಕರಗಿ ಎಳೆ ಎಳೆಯಾಗಿ ಜೋತುಬಿತ್ತು, ಅಮ್ಮನ ಕೈಯಲ್ಲಿ ಎರಡು ಬೊಬ್ಬೆ. ಅಷ್ಟೇ.

ಹಾಲ್ ತುಂಬ ಹೊಗೆ. ಅಲಾರಂ ಮಾತ್ರ ಚಕಾರ ಎತ್ತಿಲ್ಲ. ತಲೆ ಎತ್ತಿದರೆ ಶವರ್ ಕ್ಯಾಪಿನ ಮೇಲೆ ಮಸಿ ಕೂತಿದೆ. ಅಮ್ಮನೂ ನೋಡಿದರು. "ಬೆಂಕಿ ಬಿದ್ದರೆ ಕೂಗುತ್ತೆ ಅಂದಿದ್ದು ಇದೇನಾ? ಇದರ ಬಾಯಿ ಕಟ್ಟಿದ್ದು ಯಾರೇ?" ಅಂದರು. ಬೈದಿದ್ದಲ್ಲ, ನಿಜವಾಗಿ ಕೇಳಿದ್ದು. ಆ ಸಲ ಅವರು ಮತ್ತೆ ಎಣ್ಣೆ ಇಡಲಿಲ್ಲ.

ಆಮೇಲೆ ಇದನ್ನು ಯಾರ ಮನೆಯಲ್ಲಿ ಹೇಳಿದರೂ ಅವರ ಮನೆಯ ಟೋಪಿ ಕಥೆ ಹೊರಗೆ ಬರುತ್ತಿತ್ತು. ಹಾಗಾಗಿ ಕೂತು ತಿಳಿದುಕೊಂಡೆ, ಈ ಡಬ್ಬಿಗೆ ನಮ್ಮ ಒಗ್ಗರಣೆ ಕಂಡರೆ ಯಾಕೆ ಆಗುವುದಿಲ್ಲ ಅಂತ.

ಅಲಾರಂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಯೊನೈಸೇಷನ್. ಅದರೊಳಗೆ ಅಮೆರಿಷಿಯಂ ಎಂಬ ವಿಕಿರಣ ವಸ್ತುವಿನ ಒಂದು ಕಣ ಇರುತ್ತದೆ, ಅದರಿಂದ ಗಾಳಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ಹೊಗೆಯ ಕಣ ಒಳಗೆ ಹೋದರೆ ಕರೆಂಟ್ ಕಡಿಮೆಯಾಗಿ ಅಲಾರಂ ಕೂಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಕ್ಕೂ ಇದು ಎಚ್ಚರಗೊಳ್ಳುತ್ತದೆ. ಕಾದ ಎಣ್ಣೆಯಿಂದ, ಸೀದ ಮೆಣಸಿನಕಾಯಿಯಿಂದ ಏಳುವುದು ಅಂಥದ್ದೇ ಕಣ. ಇನ್ನೊಂದು ಫೋಟೊಎಲೆಕ್ಟ್ರಿಕ್. ಅದರಲ್ಲಿ ಬೆಳಕಿನ ಕಿರಣ ಇರುತ್ತದೆ, ಹೊಗೆ ಬಂದು ಬೆಳಕು ಚದುರಿದರೆ ಕೂಗುತ್ತದೆ. ಒಗ್ಗರಣೆಗೆ ಇದು ಅಷ್ಟು ಬೇಗ ರೇಗುವುದಿಲ್ಲ. ಸೋಫಾ, ಹಾಸಿಗೆ ಒಳಗೊಳಗೇ ಹೊಗೆಯಾಡುವ ಬೆಂಕಿಯನ್ನು ಬೇಗ ಹಿಡಿಯುವುದೂ ಇದೇ. ಯಾವ ಬಗೆಯದು ಅನ್ನುವುದು ಡಬ್ಬಿಯ ಹಿಂಭಾಗದಲ್ಲಿ ಅಚ್ಚಾಗಿರುತ್ತದೆ. ನಮ್ಮದು ಮೊದಲನೆಯದು. ಅದೂ ಒಲೆಯಿಂದ ಅಳೆದರೆ ಏಳು ಅಡಿ.

ಒಲೆಗೂ ಅಲಾರಂಗೂ ಕಡಿಮೆ ಅಂದರೆ 10 ಅಡಿ ಅಂತರ ಇರಬೇಕು ಅನ್ನುವುದು ಇಲ್ಲಿನ ನಿಯಮ. 10ರಿಂದ 20 ಅಡಿ ಒಳಗಾದರೆ ಫೋಟೊಎಲೆಕ್ಟ್ರಿಕ್ ಇರಲಿ, ಇಲ್ಲವೇ ಹಷ್ ಬಟನ್ ಇರುವಂಥದ್ದು. ಹಷ್ ಬಟನ್ ಒತ್ತಿದರೆ ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ತಾನೇ ಮತ್ತೆ ಕಾವಲಿಗೆ ನಿಲ್ಲುತ್ತದೆ. ಶವರ್ ಕ್ಯಾಪಿಗೆ ಆ ಬುದ್ಧಿ ಇಲ್ಲ.

ಒಲೆಯ ಮೇಲಿನ ಫ್ಯಾನಿನ ಕಥೆ ಇನ್ನೊಂದು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮೈಕ್ರೋವೇವಿನ ಕೆಳಗಿರುವ ಫ್ಯಾನ್ ಹೊಗೆಯನ್ನು ಹೊರಗೆ ಹಾಕುವುದೇ ಇಲ್ಲ. ಜಾಲರಿಯಲ್ಲಿ ಸೋಸಿ ಮುಂಭಾಗದಿಂದ ವಾಪಸ್ ನಮ್ಮ ಮುಖಕ್ಕೇ ಬಿಡುತ್ತದೆ. ಫ್ಯಾನ್ ಹಾಕಿ ಮೈಕ್ರೋವೇವಿನ ಮೇಲ್ಭಾಗದ ಹತ್ತಿರ ಕೈ ಹಿಡಿದು ನೋಡಿ. ಗಾಳಿ ಬಂದರೆ ನಿಮ್ಮದೂ ಅದೇ ಜಾತಿ. ಹಾಗಿದ್ದರೆ ಒಗ್ಗರಣೆಗೆ ಮುಂಚೆಯೇ ಕಿಟಕಿ ತೆಗೆಯಿರಿ, ಕೂಗಿದ ಮೇಲಲ್ಲ. ಮೆಣಸಿನಕಾಯಿಯನ್ನು ಕೊನೆಗೆ ಹಾಕಿ, ಬಣ್ಣ ತಿರುಗುತ್ತಿದ್ದಂತೆ ಇಳಿಸಿ. ಅಮ್ಮ ಇದನ್ನು ರುಚಿಗಾಗಿ ಹೇಳುತ್ತಿದ್ದರು. ಅಲಾರಂಗೂ ಅದೇ ಹಿಡಿಸುತ್ತದೆ.

ಬಾಡಿಗೆ ಮನೆಯಾದರೆ ಅಲಾರಂ ಸರಿ ಇಡುವುದು ಬಹುಪಾಲು ರಾಜ್ಯಗಳಲ್ಲಿ ಮನೆ ಮಾಲೀಕರ ಹೊಣೆ. "ಅಡುಗೆ ಮಾಡಿದಾಗಲೆಲ್ಲ ಕೂಗುತ್ತಿದೆ, ಜಾಗ ಬದಲಿಸಿ ಇಲ್ಲವೇ ಫೋಟೊಎಲೆಕ್ಟ್ರಿಕ್ ಹಾಕಿ" ಅಂತ ಒಂದು ಇಮೇಲ್ ಬರೆಯಿರಿ. ನಾವು ಬರೆಯುವುದಿಲ್ಲ. ಒಗ್ಗರಣೆ ವಾಸನೆ ಬಗ್ಗೆ ಏನಾದರೂ ಅಂದಾರು ಅಂತ ಹಿಂಜರಿಕೆ. ಆ ಹಿಂಜರಿಕೆಗೇ ನಾನು ಟೋಪಿ ತೊಡಿಸಿದ್ದು, ಈಗ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಬೆಂಕಿ ಆದ ಮೇಲೆ ಬರೆದೆ. ಎರಡೇ ದಿನದಲ್ಲಿ ಬಂದು ಹಾಕಿಕೊಟ್ಟರು. ಸ್ವಂತ ಮನೆಯಿದ್ದು ಕೈಲಾಗದವರಿಗೆ ಅಮೆರಿಕನ್ ರೆಡ್ ಕ್ರಾಸ್ 2014ರಿಂದ ಉಚಿತವಾಗಿ ಅಲಾರಂ ಹಾಕಿಕೊಡುತ್ತಿದೆ. ಕೆಲವು ಊರುಗಳ ಅಗ್ನಿಶಾಮಕ ಠಾಣೆಯವರೂ ಹಾಕಿಕೊಡುತ್ತಾರೆ.

ಇನ್ನು ಎಣ್ಣೆ. ಕರಿಯಲು 350 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಾಕು. 450ರ ಹತ್ತಿರ ಕಡಲೆಕಾಯಿ ಎಣ್ಣೆ ಹೊಗೆಯಾಡುತ್ತದೆ. 700ರ ಸುತ್ತಮುತ್ತ ಹೋದರೆ ಕಡ್ಡಿ ಗೀರಬೇಕಾಗಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಹೊಗೆಗೂ ಬೆಂಕಿಗೂ ನಡುವೆ ಸಿಗುವ ಆ ಕೆಲವೇ ನಿಮಿಷ ಇದೆಯಲ್ಲ, ಅಲಾರಂ ಇರುವುದೇ ಅದಕ್ಕೆ. ಉರಿಯುವ ಎಣ್ಣೆಗೆ ನೀರು ಬಿದ್ದರೆ ನೀರು ತಳಕ್ಕೆ ಇಳಿದು ಒಂದೇ ಏಟಿಗೆ ಆವಿಯಾಗುತ್ತದೆ, ಸುಮಾರು 1,700 ಪಟ್ಟು ಹಿಗ್ಗುತ್ತದೆ, ಎಣ್ಣೆಯನ್ನು ಬೆಂಕಿಯ ಸಮೇತ ಸೂರಿಗೆ ಎರಚುತ್ತದೆ. ಅಮ್ಮನ ಕೈಯ ಚೊಂಬು ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕರಿಯುವಾಗ ಬಾಣಲೆಗೆ ಸರಿಹೊಂದುವ ಮುಚ್ಚಳ ಪಕ್ಕದಲ್ಲೇ ಇರಲಿ. ಬೆಂಕಿ ಬಂದರೆ ಮುಚ್ಚಿ, ಒಲೆ ಆರಿಸಿ, ತಣ್ಣಗಾಗುವವರೆಗೆ ತೆಗೆದು ನೋಡಲು ಹೋಗಬೇಡಿ. ಬಾಣಲೆ ಎತ್ತಿಕೊಂಡು ಹೊರಗೆ ಓಡುವ ಶೂರತನವಂತೂ ಬೇಡವೇ ಬೇಡ. ಮುಚ್ಚಲು ಆಗದಷ್ಟು ಬೆಳೆದಿದ್ದರೆ ಎಲ್ಲರೂ ಹೊರಗೆ, ಬಾಗಿಲು ಎಳೆದುಕೊಳ್ಳಿ, ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ.

ಇಲ್ಲಿ ಅಡುಗೆಯಿಂದ ಬೆಂಕಿ ಬೀಳುವುದು ವರ್ಷದಲ್ಲಿ ಅತಿ ಹೆಚ್ಚು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಅಗ್ನಿ ಸುರಕ್ಷತೆಯ ಲೆಕ್ಕ ಇಡುವ ಎನ್‌ಎಫ್‌ಪಿಎ ಸಂಸ್ಥೆಯ ಪ್ರಕಾರ ಅದು ಮಾಮೂಲಿ ದಿನದ ಮೂರು ಪಟ್ಟಿಗೂ ಜಾಸ್ತಿ. ನಾವು ಟರ್ಕಿ ಕೋಳಿ ಬೇಯಿಸದಿರಬಹುದು. ಆದರೆ ನಾಲ್ಕು ದಿನ ರಜ, ಐದು ಮನೆಯವರು ಒಂದೇ ಮನೆಯಲ್ಲಿ, ಒಲೆಯ ನಾಲ್ಕೂ ಕಣ್ಣು ಉರಿಯುತ್ತಿರುತ್ತವೆ, ಒಂದರಲ್ಲಿ ಬೋಂಡ. ಅಡುಗೆಮನೇಲಿ ಎಂಟು ಜನ ಇದ್ದರೂ ಎಣ್ಣೆ ನೋಡುತ್ತಿರುವವರು ಯಾರು ಅಂತ ಕೇಳಿ, ಒಬ್ಬರೂ ಇರುವುದಿಲ್ಲ. ಅಡುಗೆಯ ಬೆಂಕಿಗೆ ಮೊದಲ ಕಾರಣ ಇದೇ: ಉರಿಯುತ್ತಿರುವ ಒಲೆ ಬಿಟ್ಟು ಬೇರೆ ಕಡೆ ಹೋಗುವುದು. ಕರೆಂಟ್ ಒಲೆಯ ಮನೆಗಳಲ್ಲಿ ಅಡುಗೆಯ ಬೆಂಕಿ ಗ್ಯಾಸ್ ಒಲೆಯ ಮನೆಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಗ್ಯಾಸೇ ಅಪಾಯ ಅಂದುಕೊಂಡು ಬೆಳೆದ ನನಗೆ ಇದನ್ನು ನಂಬುವುದೇ ಕಷ್ಟವಾಯಿತು.

ಮನೇಲಿ ವಾಸನೆ ಹಿಡಿಯುತ್ತದೆ ಅಂತ ಗ್ಯಾರೇಜಿನಲ್ಲಿ ಪ್ರೊಪೇನ್ ಒಲೆ ಇಟ್ಟು ಕರಿಯುವವರು ನಮ್ಮಲ್ಲಿ ಬಹಳ. ನವೆಂಬರಿನ ಚಳಿಗೆ ಬಾಗಿಲನ್ನು ಮುಕ್ಕಾಲು ಇಳಿಸಿರುತ್ತಾರೆ. ಅದೇ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಪೆಟ್ರೋಲ್ ಕ್ಯಾನು, ರಟ್ಟಿನ ಡಬ್ಬಗಳ ರಾಶಿ. ಬೆಂಕಿ ಬೀಳದಿದ್ದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿನಲ್ಲಿ ಬೇಡ. ಹೊರಗೆ, ಗೋಡೆಯಿಂದ ದೂರ, ಬಯಲಲ್ಲಿ ಇಡಿ. ಚಳಿಯಾದರೆ ಅವತ್ತು ಬೋಂಡ ಬಿಡಿ, ಪಾಯಸ ಮಾಡಿ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ನಮ್ಮ ಅಪ್ಪ ಅಮ್ಮಂದಿರು.

ಆರು ತಿಂಗಳಿಗೆ ಬರುತ್ತಾರೆ. ಬಂದ ವಾರದಲ್ಲೇ ಅವರಿಗೆ ವೈಫೈ ಪಾಸ್‌ವರ್ಡ್ ಕೊಡುತ್ತೇವೆ, ಟಿವಿ ರಿಮೋಟ್ ಹೇಳಿಕೊಡುತ್ತೇವೆ, ಕಸ ಯಾವ ಡಬ್ಬಿಗೆ ಅಂತ ಹತ್ತು ಸಲ ತಿದ್ದುತ್ತೇವೆ. ಸೂರಿನ ಮೇಲಿರುವುದು ಏನು ಅಂತ ಹೇಳುವುದಿಲ್ಲ. ಊರಿನ ಮನೆಗಳಲ್ಲಿ ಅಂಥದ್ದು ಇರಲಿಲ್ಲ. ಅದು ಕೂಗಿದಾಗ ಅವರು ಹೆದರುವುದು ಬೆಂಕಿಗಲ್ಲ, "ಏನೋ ಮುರಿದುಬಿಟ್ಟೆ, ಮಗನಿಗೆ ದಂಡ ಹಾಕುತ್ತಾರೇನೋ" ಅಂತ. ನನಗೆ ಗೊತ್ತಿರುವ ಒಬ್ಬರು ಅತ್ತೆ ಅಲಾರಂ ಕೂಗಿದಾಗ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂತಿದ್ದರು, ಅಕ್ಕಪಕ್ಕದವರಿಗೆ ಕೇಳದಿರಲಿ ಅಂತ. ಹೇಳುವಾಗ ನಕ್ಕೆವು. ಆಮೇಲೆ ರಾತ್ರಿ ಮಲಗಿ ಯೋಚಿಸಿದರೆ ನಗು ಬರಲಿಲ್ಲ.

ಹಾಗಾಗಿ ಅವರು ಬಂದ ಮೊದಲ ಶನಿವಾರ, ಜೆಟ್ ಲ್ಯಾಗ್ ಇಳಿದ ಮೇಲೆ, ಕಾಲು ಗಂಟೆ ಕೊಡಿ. ಅಲಾರಂನ ಟೆಸ್ಟ್ ಬಟನ್ ಒತ್ತಿ ಆ ಸದ್ದು ಕೇಳಿಸಿ. ಮೂರು ಸಲ ಕೂಗಿ, ಬಿಡುವು ಕೊಟ್ಟು, ಮತ್ತೆ ಮೂರು ಸಲ ಕೂಗಿದರೆ ಹೊಗೆ. ನಾಲ್ಕು ನಾಲ್ಕಾಗಿ ಕೂಗಿದರೆ ಕಾರ್ಬನ್ ಮಾನಾಕ್ಸೈಡ್, ಕಾರಣ ಹುಡುಕದೆ ಹೊರಗೆ ಹೋಗಬೇಕು. ನಿಮಿಷಕ್ಕೊಂದು ಸಲ ಗುಬ್ಬಿಯ ಹಾಗೆ ಚಿಂವ್ ಅಂದರೆ ಬ್ಯಾಟರಿ ಮುಗಿದಿದೆ, ಇಲ್ಲಾ ಡಬ್ಬಿಗೆ ವಯಸ್ಸಾಗಿದೆ, ಗಾಬರಿ ಬೇಡ, ನಮಗೆ ಹೇಳಿದರೆ ಸಾಕು. ಒಲೆಯ ಗುಬುಟನ್ನು ಅವರ ಕೈಯಲ್ಲೇ ಹತ್ತು ಸಲ ಹಚ್ಚಿ ಆರಿಸಿ ನೋಡಲು ಹೇಳಿ. ಒಲೆ ಬಿಸಿ ಇದ್ದರೆ ಯಾವ ಕೆಂಪು ದೀಪ ಉರಿಯುತ್ತದೆ ತೋರಿಸಿ. ಬಾಗಿಲ ಚಿಲಕ ತೆಗೆಯುವುದು, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳಿಯುವುದು, ಒಂದು ಸಲ ಜೊತೆಗೆ ನಡೆದೇ ಬನ್ನಿ. 911ಕ್ಕೆ ಸಿಮ್ ಪ್ಲಾನ್ ಮುಗಿದ ಮೊಬೈಲಿನಿಂದಲೂ ಕರೆ ಹೋಗುತ್ತದೆ. "ಫೈರ್" ಅಂದು ವಿಳಾಸ ಹೇಳಿದರೆ ಆಯಿತು, ಇಂಗ್ಲಿಷ್ ವ್ಯಾಕರಣ ಯಾರೂ ಕೇಳುವುದಿಲ್ಲ. ವಿಳಾಸವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮ ಮನೇಲಿ ಅಮ್ಮನ ಕೈಬರಹದಲ್ಲೇ ಇದೆ, ರಸ್ತೆಯ ಹೆಸರಿಗೆ ಒಂದು ದೀರ್ಘ ಜಾಸ್ತಿ ಎಳೆದಿದ್ದಾರೆ, ಇರಲಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪುವುದು ಕೀಚಲು ಸದ್ದು. ಮಾಮೂಲಿ ಅಲಾರಂ ಕೂಗುವುದು 3,000 ಹರ್ಟ್ಸ್ ಆಸುಪಾಸಿನ ಕೀಚಲಿನಲ್ಲೇ. ಶ್ರವಣಯಂತ್ರ ತೆಗೆದಿಟ್ಟು ಮಲಗಿದ ಅಪ್ಪನಿಗೆ ಅದು ಕೇಳದೇ ಇರಬಹುದು. ಅಂಥವರಿಗಾಗಿ 520 ಹರ್ಟ್ಸ್‌ನ ದಪ್ಪ ದನಿಯ ಅಲಾರಂ ಸಿಗುತ್ತದೆ, ಹಾಸಿಗೆ ಅಲುಗಿಸಿ ಎಬ್ಬಿಸುವಂಥದ್ದೂ ಇದೆ. ಬೆಲೆ ಸ್ವಲ್ಪ ಜಾಸ್ತಿ. ಅವರ ವಿಮಾನದ ಟಿಕೆಟ್ಟಿನ ಮುಂದೆ ಏನೂ ಅಲ್ಲ.

ಗೃಹಪ್ರವೇಶದ ಹೋಮದ ದಿನ ಏನು ಮಾಡುವುದು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಗೆಗೆ ಸ್ಪ್ರಿಂಕ್ಲರ್ ನೀರು ಸುರಿಸಿಬಿಡುತ್ತದೆ ಅನ್ನುವ ಭಯ ಬೇಡ, ಅದು ಸಿನಿಮಾದ ಮಾತು. ಮನೆಗಳ ಸ್ಪ್ರಿಂಕ್ಲರ್ ತೆರೆಯುವುದು ಹೊಗೆಗಲ್ಲ, ಬಿಸಿಗೆ. ಹಾಗಂತ ಅದರ ಕೆಳಗೇ ಹೋಮಕುಂಡ ಇಡಬೇಡಿ ಮತ್ತೆ! ಸಾಧ್ಯವಾದರೆ ಹೋಮ ಹಿತ್ತಲಲ್ಲಿ ಆಗಲಿ, ಒಳಗೆ ಹಾಲು ಉಕ್ಕಿಸಿ. ಅಪಾರ್ಟ್‌ಮೆಂಟಾದರೆ ಮೊದಲೇ ಆಫೀಸಿನಲ್ಲಿ ಕೇಳಿ.

ಕಾಲಾವಧಿಯ ಮಾತು ಬೇಗ ಮುಗಿಸುತ್ತೇನೆ. ತಿಂಗಳಿಗೊಮ್ಮೆ ಬಟನ್ ಒತ್ತಿ ಪರೀಕ್ಷೆ ಮಾಡಿ. ನಾನು ಸಂಕಷ್ಟಿ ದಿನ ಒತ್ತುತ್ತೇನೆ, ಹೇಗೂ ಕ್ಯಾಲೆಂಡರ್ ನೋಡಿರುತ್ತೇನೆ. ಬ್ಯಾಟರಿ ಬದಲಿಸುವಂಥದ್ದಾದರೆ ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುವಾಗ ಹೊಸದು ಹಾಕಿ. ಡಬ್ಬಿಯ ಹಿಂದೆ ತಯಾರಾದ ತಾರೀಕು ಇರುತ್ತದೆ, ಅಲ್ಲಿಂದ 10 ವರ್ಷ ಕಳೆದರೆ ಡಬ್ಬಿಯನ್ನೇ ಬದಲಿಸಿ, ಕೂಗುತ್ತಿದ್ದರೂ ಸರಿ. ಒಂದೊಂದು ಮಲಗುವ ಕೋಣೆಗೆ, ಕೋಣೆಗಳ ಹೊರಗೆ, ಬೇಸ್‌ಮೆಂಟ್ ಸೇರಿ ಪ್ರತಿ ಮಹಡಿಗೆ ಒಂದು ಬೇಕು. ಕೆಲಸ ಮಾಡುವ ಅಲಾರಂ ಇರುವ ಮನೆಗಳಲ್ಲಿ ಬೆಂಕಿಯಿಂದ ಸಾಯುವ ಪ್ರಮಾಣ ಅಂಥ ಅಲಾರಂ ಇಲ್ಲದ ಮನೆಗಳಿಗಿಂತ ಸುಮಾರು 60 ಪರ್ಸೆಂಟ್ ಕಡಿಮೆ ಅಂತ ಎನ್‌ಎಫ್‌ಪಿಎ ಹೇಳುತ್ತದೆ. ಈಗಿನ ಸೋಫಾ, ಕಾರ್ಪೆಟ್, ಪರದೆ ಎಲ್ಲ ಪ್ಲಾಸ್ಟಿಕ್ ಸಂತತಿ. ಅಲಾರಂ ಕೂಗಿದ ಮೇಲೆ ಹೊರಬರಲು ಎರಡೇ ನಿಮಿಷ ಸಿಗಬಹುದು. ನಮ್ಮ ನ್ಯೂಜೆರ್ಸಿಯಲ್ಲಿ ಒಂದು-ಎರಡು ಕುಟುಂಬದ ಮನೆ ಮಾರುವಾಗ ಅಲಾರಂಗಳ ಜೊತೆಗೆ ಅಡುಗೆಮನೆ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇದೆ ಅಂತ ಸರ್ಟಿಫಿಕೇಟ್ ಬೇಕು. ಕೊಂಡವರು ಆಮೇಲೆ ಅದಕ್ಕೆ ಕೊಡೆ ನೇತುಹಾಕುತ್ತಾರೆ.

ಕೂಟದ ಪದಾಧಿಕಾರಿಗಳೇ, ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು. ದೀಪಾವಳಿ ಕಾರ್ಯಕ್ರಮದಲ್ಲಿ ದೀಪ ಬೆಳಗುವುದಕ್ಕೂ ನಾಡಗೀತೆಗೂ ಸಮಯ ಇರುತ್ತದೆ, ಪ್ರಾಯೋಜಕರ ರಿಯಲ್ ಎಸ್ಟೇಟ್ ಭಾಷಣಕ್ಕೆ ಇಪ್ಪತ್ತು ನಿಮಿಷ ಇರುತ್ತದೆ. ಊಟಕ್ಕೆ ಕರೆಯುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ. ಊರಿನ ಅಗ್ನಿಶಾಮಕ ಠಾಣೆಯವರನ್ನು ಕರೆಯಿರಿ, ಕರೆದರೆ ಸಂತೋಷವಾಗಿ ಬರುತ್ತಾರೆ, ಮಕ್ಕಳಿಗೆ ಫೈರ್ ಎಂಜಿನ್ ಹತ್ತಿಸುತ್ತಾರೆ. ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಲಿ. ಮುಂದಿನ ಸಾಲಿನಲ್ಲಿ ಕೂರುವ ಹಿರಿಯರಿಗೆ ಆ ಮೂರು ಸದ್ದು, ನಾಲ್ಕು ಸದ್ದು ಮೈಕಿನಲ್ಲಿ ಕೇಳಿಸಲಿ. ಒಂದು ಪುಟದ ಕನ್ನಡ ಕಾಗದ, ದಪ್ಪ ಅಕ್ಷರದಲ್ಲಿ, ಊಟದ ಕೂಪನ್ ಜೊತೆ ಕೊಡಿ. 'ಅಕ್ಕ', 'ನಾವಿಕ'ದಂಥ ದೊಡ್ಡ ಒಕ್ಕೂಟಗಳು ಅದನ್ನು ಒಮ್ಮೆ ಸರಿಯಾಗಿ ಮಾಡಿಸಿದರೆ ಎಲ್ಲ ಊರಿನ ಕೂಟಗಳೂ ಅಚ್ಚು ಹಾಕಿಸಿಕೊಳ್ಳಬಹುದು. ಕರಡು ಬರೆದುಕೊಡಲು ನಾನು ತಯಾರು.

ನಮ್ಮ ಕೂಟದ ಅಕ್ಕಪಕ್ಕದವರಿಗೆ ಇನ್ನೊಂದು ಮಾತು. ಅಲಾರಂ ಬದಲಿಸಲು ಕುರ್ಚಿ ಮೇಲೆ ದಿಂಬು ಇಟ್ಟು ಹತ್ತುವುದು ಬೇಡ. ನಮ್ಮ ಮನೇಲಿ ಆರಡಿ ಏಣಿ ಇದೆ, ಒಯ್ಯಿರಿ. ಹಬ್ಬದ ಹಿಂದಿನ ವಾರ ಮಾತ್ರ ವಾಪಸ್ ತಂದುಕೊಡಿ. ಈ ಸಲ ಅಮ್ಮ ಮತ್ತೆ ಬರುತ್ತಿದ್ದಾರೆ. ಕರ್ಜಿಕಾಯಿ ಅಚ್ಚು ಮೇಲಿನ ಅಟ್ಟದಲ್ಲಿದೆ, ಇಳಿಸಬೇಕು.

ಇಂತಿ,
ಶವರ್ ಕ್ಯಾಪ್ ತೊಡಿಸಿದವಳು
ನ್ಯೂಜೆರ್ಸಿ